ಕಡಲೊಳಗಿದ್ದೂ ಕಡಲ ಚಿಂತೆ: ಸಮದ್ ಬೆಹ್ರಂಗಿಯವರ ‘ಪುಟ್ಟ ಕಪ್ಪು ಮೀನು’ ಮತ್ತು ಅಲ್ಪಸಂಖ್ಯಾತ ಭಾಷೆಯ ಮಗು

1

ಚಳಿಗಾಲದ ಅತಿ ದೀರ್ಘವಾದ ಇರುಳು. ಕಡಲ ತಳದಲ್ಲಿ ಮುದಿ ಮೀನೊಂದು ತನ್ನ 12,000 ಮಕ್ಕಳು ಮೊಮ್ಮಕ್ಕಳನ್ನು ಸುತ್ತ ಕೂಡಿಸಿಕೊಂಡು ಕಥೆ ಹೇಳುತ್ತದೆ. ಹಳ್ಳವೊಂದರಲ್ಲಿ ತಾಯಿಯೊಡನೆ ಬದುಕಿದ್ದ ಪುಟ್ಟ ಕಪ್ಪು ಮೀನು, ಈ ಹಳ್ಳ ಎಲ್ಲಿ ಕೊನೆಗೊಳ್ಳುತ್ತದೆಂದು ತಿಳಿಯಬೇಕೆಂಬ ಒಂದೇ ಹಟದಿಂದ ಮನೆ ಬಿಟ್ಟು ಹೊರಟ ಕಥೆ ಅದು. ಕಥೆ ಮುಗಿದಾಗ 11,999 ಮರಿಗಳು ಮಲಗುತ್ತವೆ, ಅಜ್ಜಿಯೂ ಮಲಗುತ್ತಾಳೆ. ಒಂದು ಕೆಂಪು ಮರಿಗೆ ಮಾತ್ರ ನಿದ್ದೆ ಹತ್ತುವುದಿಲ್ಲ. ಇರುಳಿಡೀ ಅದು ಕಡಲನ್ನೇ ಚಿಂತಿಸುತ್ತದೆ.

ಸಮದ್ ಬೆಹ್ರಂಗಿಯವರ ‘ಮಾಹೀಯೆ ಸಿಯಾಹೆ ಕೂಚೂಲೂ’ ಕೃತಿಯ ಚೌಕಟ್ಟು ಇಷ್ಟು. 1968ರಲ್ಲಿ ಇರಾನಿನಲ್ಲಿ ಫಾರ್ಸಿ ಭಾಷೆಯಲ್ಲಿ ಪ್ರಕಟವಾದ ಈ ಪುಟ್ಟ ಕೃತಿಯ ಬಗ್ಗೆ ಅರ್ಧ ಶತಮಾನಕ್ಕೂ ಮೀರಿ ಚರ್ಚೆ ನಡೆದಿದೆ. ಆದರೆ ಅದರ ಕೊನೆಯ ವಾಕ್ಯದಲ್ಲಿರುವ ತೊಡಕು ತಕ್ಕಷ್ಟು ಗಮನ ಪಡೆದಿದೆಯೆಂದು ನನಗೆ ಅನ್ನಿಸುವುದಿಲ್ಲ. ಕಥೆ ಕೇಳುತ್ತಿರುವ ಮರಿಗಳು ಕಡಲ ತಳದಲ್ಲಿಯೇ ಇವೆ. ಕಪ್ಪು ಮೀನು ಪ್ರಾಣವನ್ನೇ ಪಣವಿಟ್ಟು ತಲುಪಿದ ತಾಣವೇ ಅವುಗಳ ಹುಟ್ಟುಮನೆ. ಹಾಗಿದ್ದ ಮೇಲೆ ಕೆಂಪು ಮರಿ ನಿದ್ದೆಗೆಟ್ಟು ಚಿಂತಿಸಿದ ಕಡಲು ಯಾವುದು?

ಇದು ಲೇಖಕರ ಅಜಾಗರೂಕತೆಯೆಂದು ತಳ್ಳಿಹಾಕಬಹುದು. ನಾನು ಹಾಗೆ ಭಾವಿಸುವುದಿಲ್ಲ. ಈ ಪ್ರಶ್ನೆಯನ್ನು ಹಿಡಿದು ಹೊರಟರೆ, ಕೇವಲ ಕ್ರಾಂತಿಯ ಅನ್ಯೋಕ್ತಿಯೆಂದು ಓದಲಾದ ಕೃತಿಯೊಂದು ಭಾಷೆ, ಶಾಲೆ ಮತ್ತು ಸಣ್ಣ ಸಮುದಾಯಗಳ ಕುರಿತ ಕೃತಿಯಾಗಿಯೂ ತೆರೆದುಕೊಳ್ಳುತ್ತದೆ. ಗಡಿಯಾಚೆಯ ಕನ್ನಡಿಗರ ಭಾಷಾಸ್ಥಿತಿಯನ್ನು ಚರ್ಚಿಸುವ ನಮಗೆ ಇರಾನಿನ ಈ ಮಕ್ಕಳ ಕಥೆ ಏಕೆ ಬೇಕೆಂಬ ಪ್ರಶ್ನೆಗೂ ಅಲ್ಲಿಯೇ ಉತ್ತರವಿದೆ.

2

ಬೆಹ್ರಂಗಿಯವರು ಹುಟ್ಟಿದ್ದು 1939ರಲ್ಲಿ, ತಬ್ರೀಜ್ ನಗರದಲ್ಲಿ. ಮನೆಮಾತು ಅಜರ್ಬೈಜಾನಿ ತುರ್ಕಿ. ಪಹ್ಲವಿ ಅರಸರ ಕಾಲದ ಇರಾನಿನಲ್ಲಿ ಶಾಲೆಯ ಭಾಷೆ ಫಾರ್ಸಿ ಮಾತ್ರ. ಇದಕ್ಕೆ ಅಪವಾದವೂ ಇತ್ತು. 1945ರ ಕೊನೆಯಿಂದ 1946ರ ಕೊನೆಯವರೆಗೆ ತಬ್ರೀಜಿನಲ್ಲಿ ಅಧಿಕಾರದಲ್ಲಿದ್ದ ಸ್ವಾಯತ್ತ ಸರಕಾರ ತುರ್ಕಿಯನ್ನು ಶಾಲೆಗೆ ತಂದಿತು. ಆಗ ಸಮದ್‌ಗೆ ಆರೇಳು ವರ್ಷ. ಆ ಸರಕಾರ ಕುಸಿದ ಮೇಲೆ ತುರ್ಕಿಯ ಪಠ್ಯಪುಸ್ತಕಗಳೂ ಹೋದವು. ಮನೆಮಾತಿಗೆ ಶಾಲೆಯ ಬಾಗಿಲು ಒಮ್ಮೆ ತೆರೆದು ಮತ್ತೆ ಮುಚ್ಚಿಕೊಂಡ ಊರಿನಲ್ಲಿ ಅವರು ಬೆಳೆದರು.

ಶಿಕ್ಷಕರ ತರಬೇತಿ ಮುಗಿಸಿ ಹದಿನೆಂಟರ ಹರೆಯದಲ್ಲಿಯೇ ಅಜರ್ಬೈಜಾನ್ ಪ್ರಾಂತದ ಹಳ್ಳಿಶಾಲೆಗಳಿಗೆ ಹೋದ ಬೆಹ್ರಂಗಿಯವರು ಬದುಕಿನ ಕೊನೆಯವರೆಗೂ ಉಪಾಧ್ಯಾಯರಾಗಿಯೇ ಉಳಿದರು. ಗೆಳೆಯ ಬೆಹ್ರೂಜ್ ದೆಹ್ಕಾನಿಯವರೊಡನೆ ಹಳ್ಳಿಗಳಲ್ಲಿ ತುರ್ಕಿ ಜನಪದ ಕಥೆಗಳನ್ನು ಸಂಗ್ರಹಿಸಿದರು. ಅವನ್ನು ಪ್ರಕಟಿಸಿದ್ದು ಮಾತ್ರ ಫಾರ್ಸಿಯಲ್ಲಿ. ಇರಾನಿನ ಶಿಕ್ಷಣದ ಸಮಸ್ಯೆಗಳನ್ನು ಕುರಿತು ಬರೆದ ಪ್ರಬಂಧಗಳಲ್ಲಿ, ಟೆಹರಾನಿನ ಮಧ್ಯಮವರ್ಗದ ಮನೆಯನ್ನು ಕಣ್ಣ ಮುಂದಿಟ್ಟುಕೊಂಡು ರಚಿಸಿದ ಪಠ್ಯಗಳನ್ನೂ, ಅಮೆರಿಕದಿಂದ ಎರವಲು ತಂದ ಬೋಧನಾಶಾಸ್ತ್ರವನ್ನೂ ನಿಷ್ಠುರವಾಗಿ ಟೀಕಿಸಿದರು. ತಾವು ಕಂಡೇ ಇಲ್ಲದ ವಸ್ತುಗಳ ಹೆಸರನ್ನು, ತಾವು ಆಡದ ಭಾಷೆಯಲ್ಲಿ, ಬಾಯಿಪಾಠ ಮಾಡಬೇಕಾದ ಮಕ್ಕಳ ಪರವಾಗಿ ಬರೆದ ಪುಸ್ತಕವದು. ತುರ್ಕಿ ಮನೆಮಾತಿನ ಮಕ್ಕಳಿಗೆಂದು ಅವರೊಂದು ಅಕ್ಷರಮಾಲೆಯನ್ನೂ ಸಿದ್ಧಪಡಿಸಿದ್ದರು. ತುರ್ಕಿ ಮತ್ತು ಫಾರ್ಸಿ ಎರಡರಲ್ಲೂ ಬಳಕೆಯಲ್ಲಿರುವ ಪದಗಳಿಂದ ಪಾಠವನ್ನು ಆರಂಭಿಸುವುದು ಅದರ ತತ್ತ್ವ. ಮಗು ತನಗೆ ಗೊತ್ತಿರುವುದರ ಮೇಲೆ ಕಾಲಿಟ್ಟು ಗೊತ್ತಿಲ್ಲದ್ದರ ಕಡೆಗೆ ನಡೆಯಬೇಕು. ಅಧಿಕಾರಿಗಳು ಬಯಸಿದ ತಿದ್ದುಪಡಿಗಳಿಗೆ ಅವರು ಒಪ್ಪಲಿಲ್ಲ, ಪುಸ್ತಕ ಶಾಲೆಗೆ ಬರಲಿಲ್ಲ.

‘ಪುಟ್ಟ ಕಪ್ಪು ಮೀನು’ ಪ್ರಕಟವಾದ ಬೇಸಿಗೆಯಲ್ಲಿಯೇ, 1968ರ ಆಗಸ್ಟ್ ಕೊನೆಯಲ್ಲಿ, ಇಪ್ಪತ್ತೊಂಬತ್ತರ ವಯಸ್ಸಿನಲ್ಲಿ ಬೆಹ್ರಂಗಿಯವರು ಅರಸ್ ನದಿಯಲ್ಲಿ ಮುಳುಗಿ ತೀರಿಕೊಂಡರು. ಅರಸ್ ಇರಾನಿನ ಗಡಿಯ ನದಿ. ಆಚೆ ದಡದಲ್ಲಿಯೂ ಅವರ ಮನೆಮಾತನ್ನೇ ಆಡುವ ಜನರಿದ್ದಾರೆ. ಈ ಸಾವು ಕೃತಿಯ ಓದನ್ನೇ ಬದಲಿಸಿಬಿಟ್ಟಿತು. ಜಲಾಲ್ ಆಲೆ ಅಹ್ಮದ್ ಅವರು ಬರೆದ ಪ್ರಸಿದ್ಧ ಲೇಖನ ಸಂಶಯದ ಗಾಳಿಗೆ ದಾರಿಮಾಡಿತು. ಗುಪ್ತ ಪೊಲೀಸರ ಕೈವಾಡದ ಕಥೆ ಜನಜನಿತವಾಯಿತು. ಈಜು ಬಾರದ ಬೆಹ್ರಂಗಿ ಆಕಸ್ಮಿಕವಾಗಿ ಮುಳುಗಿದರೆಂಬುದೇ ಇಂದು ಹೆಚ್ಚು ಒಪ್ಪಿತವಾದ ವಿವರ. ಆದರೆ ಅಷ್ಟು ಹೊತ್ತಿಗೆ ಲೇಖಕ ಮತ್ತು ಮೀನು ಒಂದಾಗಿ ಹೋಗಿದ್ದರು. ಮನೂಚೆಹ್ರ್ ಹೆಜಾರ್‌ಖಾನಿಯವರು ಮೀನಿನ ‘ಜೀವನದೃಷ್ಟಿ’ಯನ್ನೇ ವಿಷಯವಾಗಿಸಿ ಬರೆದರು. ಸಶಸ್ತ್ರ ಹೋರಾಟಕ್ಕಿಳಿದ ಎಡಪಂಥೀಯ ಯುವಜನರು ಕೃತಿಯನ್ನು ಪ್ರಣಾಳಿಕೆಯಂತೆ ಓದಿದರು. ಕಥೆಗಳನ್ನು ಜೊತೆಗೆ ಸಂಗ್ರಹಿಸಿದ್ದ ದೆಹ್ಕಾನಿಯವರು 1971ರಲ್ಲಿ ಸೆರೆಯಲ್ಲಿ ಚಿತ್ರಹಿಂಸೆಗೆ ಬಲಿಯಾದರು.

ಇದರಲ್ಲೊಂದು ವಿಪರ್ಯಾಸವೂ ಇದೆ. ಪುಸ್ತಕವನ್ನು ಪ್ರಕಟಿಸಿದ್ದು ರಾಣಿ ಫರಾಹ್ ಅವರ ಆಶ್ರಯದಲ್ಲಿದ್ದ ಮಕ್ಕಳ ಬೌದ್ಧಿಕ ವಿಕಾಸದ ಸಂಸ್ಥೆ. ಫರ್ಶೀದ್ ಮೆಸ್ಗಾಲಿಯವರ ಚಿತ್ರಗಳಿಗೆ 1969ರಲ್ಲಿ ಬೊಲೊನ್ಯಾ ಮತ್ತು ಬ್ರಾಟಿಸ್ಲಾವಾಗಳಲ್ಲಿ ಮನ್ನಣೆ ದೊರೆಯಿತು. 1974ರಲ್ಲಿ ಅವರಿಗೆ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿಯೂ ಬಂತು. ರಾಜಪ್ರಭುತ್ವದ ವಿರುದ್ಧದ ಕೃತಿಯೆಂದು ಹೆಸರಾದದ್ದು ಅರಮನೆಯ ನೆರಳಿನಲ್ಲಿಯೇ ಅಚ್ಚಾಗಿ ಲೋಕ ಸುತ್ತಿತು.

3

ಕ್ರಾಂತಿಯ ಓದು ತಪ್ಪಲ್ಲ, ಆದರೆ ಅದು ಕೃತಿಯ ಕಥನಕ್ರಮವನ್ನು ಮರೆಸುತ್ತದೆ. ಬೆಹ್ರಂಗಿಯವರು ಮೊದಲಿಗೆ ಜನಪದ ಕಥೆಗಳ ಸಂಗ್ರಾಹಕರು. ಮನೆ ಬಿಡುವ ಕಿರಿಯ, ದಾರಿಯಲ್ಲಿ ಒಂದರ ನಂತರ ಒಂದು ಭೇಟಿ, ಆಯುಧವನ್ನು ಕೊಡುವ ಸಹಾಯಕ, ನುಂಗುವ ರಾಕ್ಷಸ, ಇವೆಲ್ಲ ಮೌಖಿಕ ಕಥೆಯ ಬೆನ್ನೆಲುಬು. ಕಪ್ಪು ಮೀನು ತಾಯಿ ಇಟ್ಟ 10,000 ಮೊಟ್ಟೆಗಳಲ್ಲಿ ಉಳಿದ ಒಂದೇ ಮರಿ. ಹಳ್ಳ ಬಿಟ್ಟು ಜಲಪಾತದಿಂದ ಕೊಳಕ್ಕೆ ಬಿದ್ದಾಗ ತಮ್ಮ ಕುಲದ ಬಗ್ಗೆ ಬೀಗುವ ಗೊದಮೊಟ್ಟೆಗಳು ಎದುರಾಗುತ್ತವೆ. ಹಲ್ಲಿ ಅದಕ್ಕೊಂದು ಚೂರಿಯನ್ನೂ, ಮುಂದೆ ಕಾದಿರುವ ಹಗೆಗಳ ಸುಳಿವನ್ನೂ ಕೊಡುತ್ತದೆ. ಇರುಳಲ್ಲಿ ಚಂದ್ರನೊಡನೆ ಮಾತಾಗುತ್ತದೆ. ಹೆಜ್ಜಾರ್ಲೆಯ ಗಂಟಲಚೀಲ, ಆಮೇಲೆ ಕಡಲು, ಕೊನೆಗೆ ಮೀನುಬಾಕ ಕೊಕ್ಕರೆಯ ಹೊಟ್ಟೆ. ಆ ಹೊಟ್ಟೆಯಲ್ಲಿ ಅಳುತ್ತಿದ್ದ ಇನ್ನೊಂದು ಮರಿಯನ್ನು ಹೊರಗೆ ದಾಟಿಸಿ, ಕಪ್ಪು ಮೀನು ಒಳಗುಳಿದು ಚೂರಿಯನ್ನು ಬಳಸುತ್ತದೆ. ಕೊಕ್ಕರೆ ನೀರಿಗೆ ಬೀಳುತ್ತದೆ, ಕಪ್ಪು ಮೀನಿನ ಸುದ್ದಿ ಮಾತ್ರ ಮತ್ತೆ ಬರುವುದಿಲ್ಲ.

ಭಾರತೀಯ ಓದುಗನಿಗೆ ಇಲ್ಲಿ ಪಂಚತಂತ್ರದ ನೆನಪಾಗದೆ ಇರದು. ಆ ಗ್ರಂಥ ಪಹ್ಲವಿ ಮತ್ತು ಅರಬ್ಬಿಗಳ ಮೂಲಕ ‘ಕಲೀಲಾ ಮತ್ತು ದಿಮ್ನಾ’ ಎಂಬ ಹೆಸರಿನಲ್ಲಿ ಫಾರ್ಸಿಯ ಸ್ವತ್ತಾಯಿತು. ಇತ್ತ ದುರ್ಗಸಿಂಹನ ಮೂಲಕ 11ನೆಯ ಶತಮಾನದಲ್ಲಿ ಕನ್ನಡಕ್ಕೂ ಬಂತು. ಅನಾಗತವಿಧಾತ, ಪ್ರತ್ಯುತ್ಪನ್ನಮತಿ, ಯದ್ಭವಿಷ್ಯ ಎಂಬ ಮೂರು ಮೀನುಗಳ ಕಥೆ ನಮಗೆ ಗೊತ್ತು. ಮೊದಲನೆಯದು ಅಪಾಯ ಬರುವ ಮುನ್ನವೇ ಮಡು ಬಿಡುತ್ತದೆ, ಎರಡನೆಯದು ಸತ್ತಂತೆ ನಟಿಸಿ ಪಾರಾಗುತ್ತದೆ, ಮೂರನೆಯದು ವಿಧಿಯನ್ನು ನಂಬಿ ಸಾಯುತ್ತದೆ. ಕಪ್ಪು ಮೀನು ಈ ಮೊದಲೆರಡೂ ಹೌದು. ಅದು ಹಳ್ಳವನ್ನು ಬಿಡುತ್ತದೆ. ಹೆಜ್ಜಾರ್ಲೆಯ ಚೀಲದಲ್ಲಿ ಸತ್ತಂತೆ ಬಿದ್ದುಕೊಂಡು, ತನ್ನನ್ನು ಕೊಂದರೆ ಬಿಡುಗಡೆಯೆಂಬ ಮಾತನ್ನು ನಂಬಿದ ಸಣ್ಣ ಮೀನುಗಳಿಗೆ ಆ ಮಾತಿನ ಸುಳ್ಳನ್ನು ತೋರಿಸಿಕೊಡುತ್ತದೆ. ಬಲೆಯನ್ನೇ ಕಡಲ ತಳಕ್ಕೆ ಎಳೆದೊಯ್ಯುವ ಮೀನುಗಳ ಹಿಂಡು, ಬಲೆಯೊಡನೆ ಹಾರಿದ ಚಿತ್ರಗ್ರೀವನ ಪಾರಿವಾಳಗಳಿಗೆ ಸಮೀಪದ ನಂಟು.

ವ್ಯತ್ಯಾಸವಿರುವುದು ನೀತಿಯಲ್ಲಿ. ಮೂರು ಮೀನುಗಳ ಕಥೆಯಲ್ಲಿ ಪ್ರತಿಯೊಂದು ಮೀನೂ ತನ್ನ ಜೀವವನ್ನಷ್ಟೇ ಉಳಿಸಿಕೊಳ್ಳುತ್ತದೆ ಅಥವಾ ಕಳೆದುಕೊಳ್ಳುತ್ತದೆ. ಅಲ್ಲಿ ಬುದ್ಧಿಯೆಂದರೆ ಪಾರಾಗುವ ಬುದ್ಧಿ. ಕಪ್ಪು ಮೀನು ಅಪಾಯದಿಂದ ಓಡಿ ಹೊರಟದ್ದಲ್ಲ, ಹಳ್ಳದಲ್ಲಿ ಅದಕ್ಕೆ ಯಾವ ಅಪಾಯವೂ ಇರಲಿಲ್ಲ. ತಿಳಿಯಬೇಕೆಂದು ಹೊರಟಿತು, ಇನ್ನೊಂದನ್ನು ಉಳಿಸುತ್ತ ಮುಗಿಯಿತು. ಸಾವನ್ನು ಅದು ಹುಡುಕಿಕೊಂಡು ಹೋಗುವುದಿಲ್ಲ. ಬದುಕು ಸಾವುಗಳೆರಡೂ ಇತರರ ಬಾಳಿನಲ್ಲಿ ಏನನ್ನು ಉಳಿಸುತ್ತವೆ ಎಂಬುದಷ್ಟೇ ಅದರ ಪ್ರಶ್ನೆ. ಕನ್ನಡದ ಮಗುವಿಗೆ ಸಾವಿನ ಮೊದಲ ಸಾಹಿತ್ಯಿಕ ಪರಿಚಯ ಮಾಡಿಸುವ ಗೋವಿನ ಹಾಡಿನ ಪಕ್ಕದಲ್ಲಿ ಇದನ್ನಿಟ್ಟರೆ ಎರಡೂ ಸ್ಪಷ್ಟವಾಗುತ್ತವೆ. ಪುಣ್ಯಕೋಟಿಯ ಧೈರ್ಯ ಕೊಟ್ಟ ಮಾತಿಗೆ ಮರಳುವುದರಲ್ಲಿದೆ, ಕಪ್ಪು ಮೀನಿನ ಧೈರ್ಯ ಮರಳದಿರುವುದರಲ್ಲಿ. ಅಲ್ಲಿ ಹುಲಿಗೆ ಪಶ್ಚಾತ್ತಾಪವಾಗುತ್ತದೆ. ಬೆಹ್ರಂಗಿಯವರ ಕೊಕ್ಕರೆಗೆ ಅಂಥದ್ದೇನೂ ಆಗುವುದಿಲ್ಲ. ಹಿಂಸಕನ ಮನಃಪರಿವರ್ತನೆಯ ಮೇಲೆ ಭರವಸೆಯಿಲ್ಲದ ಕಾಲದ ಕೃತಿಯಿದು.

4

ಈ ಮೆಚ್ಚುಗೆಯ ನಡುವೆ ಕೃತಿಯ ಕೊರತೆಗಳನ್ನು ಮುಚ್ಚಿಡುವುದು ಸರಿಯಲ್ಲ. ಚೂರಿ ಇಲ್ಲಿ ತೀರ ಸುಲಭವಾಗಿ ಕೈಗೆ ಬರುತ್ತದೆ. ಜನಪದ ಕಥೆಯಲ್ಲಿ ಸಹಾಯಕ ಕೊಡುವ ಕತ್ತಿಯ ನೈತಿಕ ಬೆಲೆಯನ್ನು ಯಾರೂ ಕೇಳುವುದಿಲ್ಲ. ಆದರೆ ಆಧುನಿಕ ಲೇಖಕ ಮಗುವಿನ ಕೈಗೆ ಚೂರಿಯನ್ನಿತ್ತಾಗ ಆ ಪ್ರಶ್ನೆ ಏಳಲೇಬೇಕು. ಬೆಹ್ರಂಗಿಯವರ ಇನ್ನೊಂದು ಕಥೆಯಲ್ಲಿ, ಟೆಹರಾನಿನ ಬೀದಿಯ ಬಡ ಹುಡುಗನೊಬ್ಬ ತಾನು ಪ್ರೀತಿಸಿದ ಆಟಿಕೆ ಒಂಟೆ ಸಿರಿವಂತರ ಪಾಲಾದದ್ದನ್ನು ಕಂಡು, ಅಂಗಡಿಯ ಗಾಜಿನಾಚೆಗಿನ ಮೆಷಿನ್‌ಗನ್ ತನ್ನದಾಗಬೇಕಿತ್ತೆಂದು ಬಯಸುತ್ತಾನೆ. ಅಲ್ಲಿ ಹಿಂಸೆಯ ಬಯಕೆ ಹುಟ್ಟುವ ಬಗೆಯನ್ನು ಓದುಗ ಹಂತ ಹಂತವಾಗಿ ಕಾಣುತ್ತಾನೆ, ಅದಕ್ಕೆ ನೋಯುತ್ತಾನೆ. ಕಪ್ಪು ಮೀನಿನಲ್ಲಿ ಆ ನೋವು ಇಲ್ಲ. ಎದುರಾಳಿಗಳೂ ಒಂದೋ ಮೂಢರು, ಇಲ್ಲವೇ ಕ್ರೂರಿಗಳು. ಗೊದಮೊಟ್ಟೆಗಳ ಅಜ್ಞಾನಕ್ಕೆ ಮೀನು ತೋರುವ ಅಸಹನೆ, ಅಜ್ಞಾನವನ್ನು ಅಷ್ಟು ತಾಳ್ಮೆಯಿಂದ ತಿದ್ದುತ್ತಿದ್ದ ಉಪಾಧ್ಯಾಯರ ಲೇಖನಿಗೆ ಒಪ್ಪುವಂಥದ್ದಲ್ಲ.

ತಾಯಿಯ ಚಿತ್ರಣ ಇದಕ್ಕಿಂತ ತೊಡಕಿನದು. ಲೋಕವೆಂದರೆ ನಾವಿರುವ ಈ ತಾಣವೇ, ಇದರಾಚೆ ಬೇರೆ ಲೋಕವಿಲ್ಲವೆಂಬುದು ಆಕೆಯ ನಿಲುವು. ಒಂಬತ್ತು ಸಾವಿರ ಚಿಲ್ಲರೆ ಮರಿಗಳನ್ನು ಕಳೆದುಕೊಂಡವಳ ಭಯವನ್ನು ಕಥೆ ಒಳಹೊಕ್ಕು ನೋಡುವುದಿಲ್ಲ. ನೆರೆಯವರದು ಇನ್ನೂ ಕಠೋರ ಪಾತ್ರ. ಕಪ್ಪು ಮೀನಿನ ತಲೆ ಕೆಡಿಸಿದ್ದು ಮುದಿ ಬಸವನಹುಳುವೇ ಎಂದು ಅವರು ಆರೋಪಿಸುತ್ತಾರೆ. ಆ ಬಸವನಹುಳುವನ್ನು ಅವರು ಹಿಂದೆಯೇ ಕೊಂದಿದ್ದಾರೆ. ಹೆಜ್ಜಾರ್ಲೆ, ಕೊಕ್ಕರೆಗಳಿಗಿಂತ ಮೊದಲು, ಯಾವ ಬಾಹ್ಯ ಹಗೆಯೂ ಇಲ್ಲದ ಹಳ್ಳದಲ್ಲಿ, ತಮ್ಮವರೇ ತಮ್ಮವನನ್ನು ಕೊಂದ ಸಂಗತಿ ಕೃತಿಯ ಅತ್ಯಂತ ಕತ್ತಲೆಯ ಭಾಗ. ಪ್ರಭುತ್ವವಿರೋಧಿ ಓದು ಇದನ್ನು ಬೇಗ ದಾಟಿಹೋಗುತ್ತದೆ. ಸಣ್ಣ ಸಮುದಾಯಗಳ ಒಳಗಿರುವವರು ಹಾಗೆ ದಾಟಲಾಗದು. ಉಳಿಸುವ ಕಾತರದಲ್ಲಿ ನಾವು ಯಾರ ಬಾಯಿ ಮುಚ್ಚಿಸುತ್ತೇವೆ ಎಂಬ ಪ್ರಶ್ನೆ ಹಳ್ಳದ ನೆರೆಯವರಿಗೆ ಮಾತ್ರ ಸಂಬಂಧಿಸಿದ್ದಲ್ಲ.

ನನ್ನ ದೃಷ್ಟಿಯಲ್ಲಿ ಕೃತಿಯ ಕೇಂದ್ರದಲ್ಲಿರುವುದು ಒಂದು ಮೌನ. ಹಳ್ಳ, ಕೊಳ, ನದಿ, ಕಡಲು, ಎಲ್ಲೆಡೆಯೂ ಒಂದೇ ಭಾಷೆ. ಹಲ್ಲಿಯ ಮಾತು ಮೀನಿಗೆ ತಿಳಿಯುತ್ತದೆ, ಚಂದ್ರನ ಮಾತು ತಿಳಿಯುತ್ತದೆ, ಕಡಲ ಮೀನುಗಳು ಹಳ್ಳದ ಮೀನನ್ನು ನಗಾಡದೆ ತಮ್ಮವರೆನ್ನುತ್ತವೆ. ನೀತಿಕಥೆಯ ಸಂಪ್ರದಾಯವೇ ಹಾಗೆ, ನಿಜ. ಆದರೆ ಇದನ್ನು ಬರೆದವರು, ಶಾಲೆಯ ಹೊಸ್ತಿಲು ದಾಟಿದೊಡನೆ ಮಗು ಮೂಕವಾಗುವುದನ್ನು ದಿನವೂ ಕಂಡವರು. ಹಳ್ಳದಿಂದ ಕಡಲಿಗೆ ಹೊರಟ ಪಯಣದಲ್ಲಿ ಮಗು ಮೊದಲು ಕಳೆದುಕೊಳ್ಳುವುದು ಏನನ್ನು ಎಂಬುದು ಅವರಿಗಿಂತ ಚೆನ್ನಾಗಿ ಬಲ್ಲವರು ವಿರಳ. ಆ ಒಂದು ನಷ್ಟ ಮಾತ್ರ ಕಥೆಯಲ್ಲಿ ಇಲ್ಲ. ಬೇಟೆಗಾರರ ಪಟ್ಟಿಯಲ್ಲಿ ಭಾಷೆ ಇಲ್ಲ.

ಇದಕ್ಕೆ ಎರಡು ವಿವರಣೆಗಳು ಸಾಧ್ಯ. ತುರ್ಕಿಯ ಮಾತೆತ್ತಿದರೆ ಪ್ರತ್ಯೇಕತಾವಾದದ ಶಂಕೆ ಬರುತ್ತಿದ್ದ ಕಾಲದಲ್ಲಿ ಭಾಷೆಯನ್ನು ಹೆಸರಿಸದಿರುವುದು ಅನಿವಾರ್ಯವಾಗಿದ್ದಿರಬಹುದು. ಇಲ್ಲವೆ, ಇದೊಂದು ಹಂಬಲವಿರಬಹುದು: ಭಾಷೆ ಅಡ್ಡ ಬಾರದ ನೀರೊಂದನ್ನು ಲೇಖಕರು ಮಕ್ಕಳಿಗಾಗಿ ಕಲ್ಪಿಸಿಕೊಟ್ಟಿರಬಹುದು. ನನಗೆ ಎರಡನೆಯದು ಹೆಚ್ಚು ಸಂಗತವಾಗಿ ಕಾಣುತ್ತದೆ. ಎರಡು ಭಾಷೆಗಳ ಸಮಾನ ಪದಗಳಿಂದ ಅಕ್ಷರಮಾಲೆ ಕಟ್ಟಿದ ಮನಸ್ಸು, ಎಲ್ಲರಿಗೂ ಎಲ್ಲರ ಮಾತು ತಿಳಿಯುವ ಕಡಲನ್ನು ಕಟ್ಟುವುದು ಸಹಜ. ಅಂಗೀಕಾರ ಪಡೆಯದ ಅಕ್ಷರಮಾಲೆಯ ಆಶಯ ಕಥೆಯಾಗಿ ಹೊರಬಂತೆಂದು ಹೇಳಿದರೆ ಅತಿಯಾಗಲಾರದು.

ಕನ್ನಡಕ್ಕೆ ಇದನ್ನು ತರುವವರಿಗೆ ಈ ಮೌನ ಬೇರೆ ರೀತಿಯಲ್ಲಿ ಎದುರಾಗುತ್ತದೆ. ಫಾರ್ಸಿಯ ಪ್ರಥಮ ಪುರುಷ ಸರ್ವನಾಮಕ್ಕೆ ಲಿಂಗಭೇದವಿಲ್ಲ, ತುರ್ಕಿಯಲ್ಲೂ ಇಲ್ಲ. ಆದುದರಿಂದ ಮೀನು ಹೆಣ್ಣೋ ಗಂಡೋ ಎಂದು ಮೂಲ ಹೇಳುವುದಿಲ್ಲ. ಇಂಗ್ಲಿಷಿನ ಅನುವಾದಕರು ಒಂದನ್ನು ಆಯ್ದುಕೊಳ್ಳಬೇಕಾಯಿತು. ಕನ್ನಡದ ‘ಅದು’ ಆ ತೆರವನ್ನು ಉಳಿಸಿಕೊಡುತ್ತದೆ, ಆದರೆ ಬಂಡಾಯದ ವ್ಯಕ್ತಿಯನ್ನು ವಸ್ತುವಿನ ಸಾಲಿಗೂ ಇಳಿಸಬಲ್ಲದು. ಹೆಸರೂ ಸುಲಭವಲ್ಲ. ‘ಕರಿಮೀನು’ ಎಂದರೆ ಕಾಸರಗೋಡಿನ ಓದುಗರಿಗೆ ಊಟದೆಲೆಯ ನೆನಪಾದೀತು. ಫಾರ್ಸಿಯ ‘ದರಿಯಾ’ ಕಡಲು. ಅದೇ ಪದ ಉರ್ದುವಿನಲ್ಲಿ ನದಿ. ಸೊಲ್ಲಾಪುರ ಅಕ್ಕಲಕೋಟೆಗಳಲ್ಲಿ ಉರ್ದುವಿನ ನೆರೆಯಲ್ಲಿ ಬೆಳೆದವರಿಗೆ ಈ ಇಬ್ಬಗೆ ಕಿವಿಗೆ ಬಿದ್ದೀತು. ಇನ್ನು ‘ಸಿಯಾಹ್’, ಅಂದರೆ ಕಪ್ಪು. ನಮ್ಮ ‘ಶಾಯಿ’ ಬಂದದ್ದು ಅದೇ ಮೂಲದಿಂದ. ಬೆಹ್ರಂಗಿಯವರ ಅಕ್ಷರಮಾಲೆಗೆ ಬೇಕಾದದ್ದು ಇಂಥ ಪದಗಳೇ.

5

ನಮ್ಮ ಸಂದರ್ಭಕ್ಕೆ ಈ ಕೃತಿಯನ್ನು ತಂದು ನಿಲ್ಲಿಸುವಾಗ ಎಚ್ಚರ ಬೇಕು. ತಬ್ರೀಜಿನ ಮಗುವಿಗೆ ಇಲ್ಲದ ರಕ್ಷಣೆ ಗಡಿನಾಡಿನ ಕನ್ನಡ ಮಗುವಿಗಿದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲಿಯೇ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಲು ಯತ್ನಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಆ ಆಶಯ, ತಮಿಳುನಾಡಿನ 2006ರ ಮತ್ತು ಕೇರಳದ 2017ರ ಭಾಷಾ ಕಲಿಕೆಯ ಕಾಯಿದೆಗಳು ಹಾಗೂ ಶಾಲೆಯ ವಾಸ್ತವ, ಇವುಗಳ ನಡುವಿನ ಅಂತರವನ್ನು ನಾವು ದಾಖಲಿಸುತ್ತಲೇ ಬಂದಿದ್ದೇವೆ. ಆ ಹೋರಾಟ ನ್ಯಾಯವಾದದ್ದು, ಮುಂದುವರಿಯಬೇಕಾದದ್ದು.

ಆದರೆ ಬೆಹ್ರಂಗಿ ನಮ್ಮನ್ನು ಕೇಳುವುದು ಇನ್ನೊಂದನ್ನು. ನಮ್ಮ ಮಕ್ಕಳಿಗೆ ನಾವು ಕೊಡುವ ಕಥೆಯಲ್ಲಿ ಅವರ ಪಾತ್ರವೇನು? ಉಳಿಸು, ಕಾಪಾಡು, ಮರೆಯದಿರು ಎಂಬ ಕ್ರಿಯಾಪದಗಳನ್ನೇ ನಾವು ಮಗುವಿನ ಹೆಗಲಿಗೇರಿಸುತ್ತೇವೆ. ಹಳ್ಳದ ಕೊನೆ ಎಲ್ಲಿದೆ ಎಂದು ಮಗು ಕೇಳಿದರೆ ನಮ್ಮ ಬಾಯಿಂದ ಹೊರಡುವುದು ತಾಯಿಮೀನಿನ ಉತ್ತರವೇ ಆಗಿರಬಹುದು. ಮಲಯಾಳ, ತಮಿಳು, ಮರಾಠಿ, ತೆಲುಗುಗಳ ಕಡೆಗೆ ಕುತೂಹಲದಿಂದ ಈಜುವ ಮಗುವನ್ನು ನಾವು ಕಳೆದುಹೋದವರ ಲೆಕ್ಕಕ್ಕೆ ಸೇರಿಸುತ್ತೇವೆಯೋ, ಪಯಣಿಗರ ಲೆಕ್ಕಕ್ಕೋ?

ಇನ್ನೂ ಒಂದು ಮಾತು, ಇದು ನಮಗೆ ಅಷ್ಟು ಹಿತವಾದದ್ದಲ್ಲ. ಸಪ್ತಭಾಷಾ ಸಂಗಮವೆಂದು ನಾವು ಹೆಮ್ಮೆಪಡುವ ಕಾಸರಗೋಡಿನಲ್ಲಿ ಕನ್ನಡ ಶಾಲೆಗೆ ಬರುವ ಎಷ್ಟೋ ಮಕ್ಕಳ ಮನೆಮಾತು ತುಳು, ಕೊಂಕಣಿ, ಮರಾಠಿ. ನೀಲಗಿರಿಯಲ್ಲಿ ಬಡಗರ ನುಡಿಯನ್ನು ಕನ್ನಡದ ಲೆಕ್ಕಕ್ಕೆ ಸೇರಿಸುವ ನಮ್ಮ ಉತ್ಸಾಹವನ್ನು ಬಡಗರು ಎಲ್ಲರೂ ಒಪ್ಪುವುದಿಲ್ಲ. ರಾಜ್ಯದ ಭಾಷೆಯೆದುರು ಹಳ್ಳವಾಗಿರುವ ಕನ್ನಡವೇ ಆ ಮಕ್ಕಳ ಎದುರು ಕಡಲಾಗಿ ನಿಲ್ಲುತ್ತದೆ. ಪಂಜೆ ಮಂಗೇಶರಾಯರು ಕೊಂಕಣಿ ಮನೆಮಾತಿನವರು. ಕನ್ನಡದ ಮಕ್ಕಳ ಸಾಹಿತ್ಯಕ್ಕೆ ಅಡಿಪಾಯ ಹಾಕಿದ ಅವರು ತುಳು ಪಾಡ್ದನದ ಕೋಟಿ ಚೆನ್ನಯರನ್ನು ಕನ್ನಡದ ಗದ್ಯಕ್ಕೆ ತಂದರು. ತುರ್ಕಿ ಕಥೆಗಳನ್ನು ಫಾರ್ಸಿಗೆ ತಂದ ಬೆಹ್ರಂಗಿಯವರ ಕೆಲಸಕ್ಕೂ ಇದಕ್ಕೂ ರಚನೆಯಲ್ಲಿ ಭೇದವಿಲ್ಲ. ಒಂದನ್ನು ನಷ್ಟವೆಂದೂ ಇನ್ನೊಂದನ್ನು ಲಾಭವೆಂದೂ ನಾವು ಎಣಿಸುವುದಾದರೆ ನಮ್ಮ ತಕ್ಕಡಿಯನ್ನೇ ಮೊದಲು ಪರೀಕ್ಷಿಸಬೇಕು.

ಹೀಗೆ ನೋಡಿದಾಗ ಕೊನೆಯ ವಾಕ್ಯದ ತೊಡಕು ಬಿಡುತ್ತದೆ. ಕಡಲಲ್ಲಿ ಹುಟ್ಟಿದ ಮರಿಗೂ ಕಡಲು ತಾನಾಗಿ ದೊರೆಯುವುದಿಲ್ಲ. ಹುಟ್ಟಿದ ನೀರು ದೊಡ್ಡದಾದ ಮಾತ್ರಕ್ಕೆ ಅದರಲ್ಲಿರುವವರ ಲೋಕ ದೊಡ್ಡದಾಗುವುದಿಲ್ಲ. 11,999 ಮರಿಗಳು ಕಡಲ ತಳದಲ್ಲಿಯೇ ಹಳ್ಳದ ನಿದ್ದೆ ಮಾಡಬಲ್ಲವು. ಟೆಹರಾನಿನ ಫಾರ್ಸಿ ಮಗುವಿಗೂ ಬೆಹ್ರಂಗಿ ಹೇಳಿದ್ದು ಇದನ್ನೇ ಇರಬೇಕು. ಹಳ್ಳದ ಮೀನಿನ ಕಥೆಯನ್ನು ಕೇಳಿದ ಮೇಲೆಯೇ ಕಡಲ ಮರಿಗೆ ತಾನಿರುವ ನೀರು ಎಷ್ಟು ದೂರದಿಂದ, ಎಷ್ಟು ಸಣ್ಣ ಹರಿವುಗಳಿಂದ ಬಂದದ್ದೆಂಬ ಅರಿವು ಹುಟ್ಟಿತು, ನಿದ್ದೆ ಹೋಯಿತು.

ಈ ಕೃತಿಯನ್ನು ಗಡಿನಾಡಿನ ಶಾಲೆಗಳಲ್ಲಿ ಕನ್ನಡದಲ್ಲಿ ಓದಿಸಬೇಕು. ಪಕ್ಕದ ತರಗತಿಯ ಮಲಯಾಳ, ತಮಿಳು, ಮರಾಠಿ, ತೆಲುಗು ಮಕ್ಕಳಿಗೂ ಅವರವರ ಭಾಷೆಯಲ್ಲಿ ಓದಿಸಬೇಕು. ಚೂರಿಯ ಬಗ್ಗೆ ಮಕ್ಕಳು ಪ್ರಶ್ನೆ ಕೇಳಿದರೆ ಉಪಾಧ್ಯಾಯರು ಉತ್ತರಿಸಲು ಸಿದ್ಧರಿರಬೇಕು. ಬಸವನಹುಳುವನ್ನು ಕೊಂದವರು ಯಾರೆಂದು ಕೇಳಿದರೆ ಆ ಪ್ರಶ್ನೆ ತರಗತಿಯಿಂದ ಆಚೆಗೂ, ಹಿರಿಯರಾದ ನಮ್ಮವರೆಗೂ ಬರಲಿ. ಮಕ್ಕಳೆದುರು ಅದಕ್ಕೆ ಉತ್ತರ ಕೊಡಬೇಕಾದವರು ನಾವೇ.